ನೆರಳಲ್ಲಿ ಒಣಗಬೇಕಾದ ಹೆಪ್ಪು

ಬಿವ್ಗೊರಾಯ್
ಪೋಲೆಂಡ್, 11 ಜನವರಿ 1998

ಪ್ರೀತಿಯ ಸಬೀನಾ,

ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ನಿನ್ನ ಏಪ್ರನ್. ದೊಡ್ಡಮ್ಮ ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮತ್ತೆ ಅದೇ ಮೊಳೆಗೆ ನೇತುಹಾಕಿದ್ದಳು. ನೀನು ಫ್ರಾನ್ಸಿಗೆ ಹೋಗಿ ಎಂಟು ತಿಂಗಳಾಯಿತು. ಯಾರೂ ತೊಡದ ಬಟ್ಟೆ ಕೊಳೆಯಾಗುವುದಾದರೂ ಹೇಗೆ? ಪಕ್ಕದ ಮೊಳೆಯಲ್ಲಿ ನನ್ನದು ಬೀಟ್‌ರೂಟಿನ ಕಲೆಯ ಸಮೇತ ಹಾಗೇ ಇತ್ತು. ಯಾಕೆಂದು ಕೇಳುವ ಸ್ವಭಾವ ನನ್ನದಲ್ಲವೆಂದು ನಿನಗೆ ಗೊತ್ತು.

ನಮ್ಮ ಖಾನಾವಳಿ ನೀನು ಬಿಟ್ಟುಹೋದ ಹಾಗೆಯೇ ಇದೆ. ಆರು ಮೇಜು, ಮಂಜು ಹಿಡಿದ ಕಿಟಕಿ, ಹತ್ತು ಗಂಟೆಯ ಬಸ್ಸಿನಿಂದ ಇಳಿದು ನೇರ ಒಳಗೆ ನುಗ್ಗುವ ಜನ. ಲುಬ್ಲಿನ್‌ನಲ್ಲಿ ಐದು ವರ್ಷ ಸಾಹಿತ್ಯ ಓದಿ ಬಂದ ನನಗೆ ದೊಡ್ಡಮ್ಮ ಕೊಟ್ಟಿರುವ ಕೆಲಸ ಕರಿಹಲಗೆಯ ಮೇಲೆ ದಿನದ ಅಡುಗೆ ಬರೆಯುವುದು. ಬರೀ ಹೆಸರು ಬರೆದು ಬೇಸರವಾಗಿ, ಈಚೆಗೆ ಪ್ರತಿಯೊಂದರ ಕೆಳಗೂ ಅದು ಎಲ್ಲಿಂದ ಬಂತೆಂದು ಒಂದೊಂದು ಸಾಲು ಬರೆಯತೊಡಗಿದ್ದೇನೆ. ಸಾರಿಗೆ ಹಾಕುವ ತರಕಾರಿ ಕಟ್ಟನ್ನು ನಾವು ‘ಇಟಲಿಯದು’ ಅನ್ನುವುದು, ಇಟಲಿಯಿಂದ ಮದುವೆಯಾಗಿ ಬಂದ ರಾಣಿ ಅದನ್ನು ತಂದಳೆಂಬ ಮಾತಿನಿಂದ. ಹಬ್ಬಕ್ಕೆ ಮಾಡುವ ‘ಗ್ರೀಕ್ ಮೀನು’ ಗ್ರೀಸಿನವರು ಕಂಡೇ ಇಲ್ಲ. ರೈ ಹಿಟ್ಟು ಹುಳಿಬರಿಸಿ ಮಾಡುವ, ನಮ್ಮ ಪ್ರಾಣವಾದ ಝೂರ್ ಸಾರಿನ ಹೆಸರು ಜರ್ಮನರದ್ದು, ಹುಳಿ ಎಂದಷ್ಟೇ ಅದರ ಅರ್ಥ.

ನಿನ್ನೆ ಎಂದಿನ ಹಾಗೆ ಊಟಕ್ಕೆ ಬಂದು ಇದನ್ನು ಓದಿದ ಝೆನೋನ್ ಮಾಮ ಟೋಪಿ ತೆಗೆಯದೆಯೇ ಹೇಳಿದ: “ಅಲ್ಲಮ್ಮಾ ಕಿಂಗಾ, ಸಾರಿನ ವಂಶಾವಳಿ ಕಟ್ಕೊಂಡು ನಾನೇನು ಮಾಡ್ಲಿ? ಅದಕ್ಕೆ ಹೆಣ್ಣು ಕೊಡಬೇಕಾ? ಹುಳಿ ಇದೆಯೋ ಇಲ್ವೋ ಅಷ್ಟು ಬರಿ.” ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಆಮೇಲೆ ಹಲಗೆಯನ್ನು ದೂರದಿಂದ ನೋಡಿ, ಅಕ್ಷರ ದುಂಡಗಿದೆ ಎಂದಳು.

ನನಗೆ ನಾವು ಹನ್ನೊಂದು ವರ್ಷದವರಾಗಿದ್ದಾಗಿನ ಒಂದು ಮಧ್ಯಾಹ್ನ ನೆನಪಾಯಿತು. ಅಮ್ಮ ತೀರಿಕೊಂಡು ನಾನು ದೊಡ್ಡಮ್ಮನ ಮನೆಗೆ ಬಂದು ಎರಡು ವರ್ಷವಾಗಿತ್ತು. ನಿನ್ನ ಅಮ್ಮನಿಗೆ ಹೆಣಿಗೆ ಕಾರ್ಖಾನೆಯಲ್ಲಿ ಎರಡು ಪಾಳಿ, ಹಾಗಾಗಿ ಶಾಲೆ ಬಿಟ್ಟ ಮೇಲೆ ನೀನು ನಮ್ಮಲ್ಲೇ ಇರುತ್ತಿದ್ದೆ, ನನ್ನನ್ನು ನೋಡಿ ನೀನೂ ‘ದೊಡ್ಡಮ್ಮ’ ಎಂದೇ ಕರೆಯುತ್ತಿದ್ದೆ. ಆ ಮಧ್ಯಾಹ್ನ ದೊಡ್ಡಮ್ಮ ನಮ್ಮಿಬ್ಬರ ಅಂಗೈ ಹಿಡಿದು ನೋಡಿದಳು. “ಸಬೀನಾ ಕೈ ತಣ್ಣಗಿದೆ, ಹಿಟ್ಟಿಗೆ ಒಳ್ಳೇದು. ಇದು ಕೈಗುಣ. ನಿನ್ನ ಕೈ ಬಿಸಿ ಮಗಳೇ, ನೀನು ಪುಸ್ತಕ ಹಿಡಿ.” ನಾನು ಪುಸ್ತಕ ಹಿಡಿದೆ.

ನೀನು ಇರುವುದು ಬ್ರಿಟನಿ ಸೀಮೆಯಲ್ಲಿ. ನಮ್ಮ ಮಂಗಳವಾರದ ‘ಬ್ರಿಟನಿ ಹುರುಳಿಕಾಯಿ ಬೀಜ’ದ ಪಲ್ಯವನ್ನು ಅಲ್ಲಿನವರು ಬಲ್ಲರೇ ಎಂದು ಕೇಳಿ ಬರೆ. ಹಲಗೆಗೆ ಬೇಕು.

ನಿನ್ನ
ಕಿಂಗಾ


ಮೊರ್ಲೆ
2 ಫೆಬ್ರವರಿ 1998

ಕಿಂಗಾ, ನನ್ನ ಪಂಡಿತೆ,

ನಿನ್ನ ಕಾಗದವನ್ನು ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ನಿಂತೇ ಓದಿದೆ. ಒಂದು ಮೂಲೆ ಒದ್ದೆಯಾಯಿತು, ಝೆನೋನ್ ಮಾಮನ ಟೋಪಿಯ ಮೇಲೆಯೇ ನೀರು ಬಿತ್ತು. ತಕ್ಕ ಶಾಸ್ತಿ.

ಹುರುಳಿಕಾಯಿ ಬೀಜದ ವಿಷಯ ಕೇಳಿದೆ. ಈ ಹೋಟೆಲಿನ ಯಜಮಾನಿ ಮದಾಂ ಕೆರ್ವೆಲ್ಲಾ ಮೊದಲು ಬಿದ್ದುಬಿದ್ದು ನಕ್ಕಳು. ಆಮೇಲೆ ಯೋಚಿಸಿ, ತನ್ನ ಅಜ್ಜಿ ಕುರಿಮಾಂಸದ ಜೊತೆ ಬಿಳಿ ಬೀಜ, ಈರುಳ್ಳಿ, ಟೊಮೆಟೊ ಬೇಯಿಸುತ್ತಿದ್ದಳು ಎಂದಳು. ಸಾಸೇಜು ಮಾತ್ರ ಹಾಕುತ್ತಿರಲಿಲ್ಲವಂತೆ. ಅಂದರೆ ಯಾರೋ ಕೇಳಿಕೊಂಡು ಬಂದು, ಕುರಿಯ ಜಾಗದಲ್ಲಿ ನಮ್ಮ ಹಂದಿ ಸಾಸೇಜು ಹಾಕಿರಬೇಕು. ಹಲಗೆಗೆ ಇಷ್ಟು ಸಾಕೇ?

ಇನ್ನೊಂದು ಕೇಳು. ನಮ್ಮ ಮೂರು ಮೂಲೆಯ ಗ್ರಿಕಾ ಕಾಳು ಇಲ್ಲಿಯೂ ಇದೆ ಕಣೇ. ಅದರ ಹಿಟ್ಟಿನಲ್ಲಿ ದೋಸೆ ಹುಯ್ದು ಒಳಗೆ ಮೊಟ್ಟೆ ಒಡೆಯುತ್ತಾರೆ. ನಮ್ಮ ಅಜ್ಜಿಯರು ಅದನ್ನು ತಾತಾರರ ಕಾಳು ಅನ್ನುತ್ತಿದ್ದರಲ್ಲ, ಇವರು ಅರಬರ ಕಾಳು ಅನ್ನುತ್ತಾರೆ. ಅದು ಬಂದ ದಾರಿಯಲ್ಲಿ ಯಾರನ್ನು ಕಂಡು ಹೆದರಿದ್ದರೋ ಅವರ ಹೆಸರನ್ನೇ ಇಟ್ಟಿದ್ದಾರೆ. ರಮ್ಮಿನಲ್ಲಿ ನೆನೆಸಿದ ಬಾಬಾ ಕೇಕು ಇಲ್ಲಿನ ಹೆಮ್ಮೆ. ದೇಶ ಬಿಟ್ಟು ಬಂದ ನಮ್ಮ ರಾಜನೊಬ್ಬನ ಅಡುಗೆಮನೆಯದಂತೆ ಅದು ಎಂದರೆ ಒಪ್ಪುವುದಿಲ್ಲ.

ಈಗ ಮುಖ್ಯ ಮಾತು. ಹೋದ ವಾರ ಕೆಲಸದವರ ಊಟಕ್ಕೆ ನಮ್ಮೂರಿನ ಪಿರೋಗ್ ಮಾಡಿದೆ. ಗ್ರಿಕಾ, ಆಲೂಗಡ್ಡೆ, ಬಿಳಿ ಚೀಸ್ ಕಲಸಿ ಒಲೆಯೊಳಗೆ ಬೇಯಿಸಿದ, ಮೇಲೆ ಹಿಟ್ಟಿನ ಹೊದಿಕೆಯಿಲ್ಲದ ಬೋಳು ಪಿರೋಗ್. ಮದಾಂ ಎರಡು ತುಂಡು ತಿಂದಳು, ಮೂರನೆಯದನ್ನು ಕಾಗದದಲ್ಲಿ ಕಟ್ಟಿಕೊಂಡಳು. ಈಸ್ಟರ್ ಸೋಮವಾರ ಮೂವತ್ತು ಜನಕ್ಕೆ ಪೋಲಿಷ್ ಊಟ ಹಾಕಲು ಬಿಡುತ್ತಾಳಂತೆ. ಚೆನ್ನಾದರೆ ನನಗೆ ಒಲೆ ಕೊಡುತ್ತಾಳೆ. ಕೆಟ್ಟರೆ ಮತ್ತೆ ತೊಟ್ಟಿ. ಎಂಟು ತಿಂಗಳಿಂದ ನನ್ನ ಕೈ ಸೋಪಿನ ನೀರಿನಲ್ಲೇ ಇದೆ ಕಿಂಗಾ, ಬೆರಳ ತುದಿಯ ಚರ್ಮ ಸುಲಿದಿದೆ.

ಮೊದಲ ಬಟ್ಟಲು ಝೂರ್ ಆಗಿರಬೇಕು. ಇಲ್ಲಿ ರೈ ಹಿಟ್ಟು ಸಿಕ್ಕುತ್ತದೆ, ಆದರೆ ಹೆಪ್ಪಿಲ್ಲದೆ ಹುಳಿಬರಿಸಿದ್ದಕ್ಕೆ ದೊಡ್ಡಮ್ಮನ ಭರಣಿಯ ರುಚಿ ಬಾರದು. ಅವಳ ಅಜ್ಜಿಯ ಕಾಲದಿಂದ ತೊಳೆಯದ ಭರಣಿ ಅದು. ಅದರ ಹೆಪ್ಪನ್ನು ಸ್ವಲ್ಪ ಬಟ್ಟೆಯ ಮೇಲೆ ತೆಳ್ಳಗೆ ಬಳಿದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಕಳಿಸು. ನಿನಗೆ ಗೊತ್ತಲ್ಲ, ಮೂರು ದಿನ, ಕಿಟಕಿಯ ಹತ್ತಿರ. ಕೈಗೆ ಬೆಚ್ಚಗೆನ್ನಿಸುವ ಜಾಗ ಹೆಪ್ಪಿಗೆ ಸುಡುಗಾಡು ಎಂದು ದೊಡ್ಡಮ್ಮ ನಮ್ಮಿಬ್ಬರ ಕಿವಿ ಹಿಂಡಿ ಹೇಳಿಕೊಟ್ಟಿದ್ದಾಳೆ.

ಇನ್ನೊಂದು ಬೇಡಿಕೆ. ಪ್ರತಿ ಅಡುಗೆಗೂ ನಿನ್ನ ಹಲಗೆಯ ಸಾಲಿನಂಥದನ್ನು ಒಂದೊಂದು ಚೀಟಿಯಲ್ಲಿ ಬರೆದುಕೊಡು. ಫ್ರೆಂಚಿಗೆ ಮಾಡಿಸಿ ಮೇಜಿನ ಮೇಲಿಡುತ್ತೇನೆ, ಕೆಳಗೆ ನಿನ್ನ ಹೆಸರು ಹಾಕಿ.

ನಿನ್ನವಳೇ ಆದ
ಸಬೀನಾ


ಬಿವ್ಗೊರಾಯ್
1 ಮಾರ್ಚ್ 1998

ಸಬೀನಾ,

ಹೆಪ್ಪು ಇದರ ಜೊತೆಗಿದೆ, ನೀಲಿ ಕಾಗದದ ಪೊಟ್ಟಣದಲ್ಲಿ. ಚೀಟಿಗಳು ಬೇರೆ ಲಕೋಟೆಯಲ್ಲಿವೆ, ಒಟ್ಟು ಏಳು.

ಬೂದಿ ಬುಧವಾರದಿಂದ ಈಸ್ಟರಿಗೆ ಮುಂಚಿನ ಉಪವಾಸ ಶುರುವಾಯಿತು. ಮಾಂಸವಿಲ್ಲದ ಬರೀ ಝೂರ್, ಹೆರಿಂಗ್ ಮೀನು, ಆಲೂಗಡ್ಡೆ. ಹಲಗೆಯಲ್ಲಿ ಬರೆಯಲು ಹೆಚ್ಚೇನಿಲ್ಲ. ಝೆನೋನ್ ಮಾಮ ತನ್ನ ಬಾಲ್ಯದಲ್ಲಿ ಶುಭ ಶುಕ್ರವಾರದ ದಿನ ಊರ ಹುಡುಗರು ಝೂರಿನ ಮಡಕೆಯನ್ನು ಮೆರವಣಿಗೆಯಲ್ಲಿ ಹೊತ್ತು ಹೂತುಬರುತ್ತಿದ್ದ ಕಥೆ ಹೇಳಿದ. ನಲವತ್ತು ದಿನ ಅದನ್ನೇ ಕುಡಿದ ಸಿಟ್ಟಿಗೆ.

ಅದೇ ಬುಧವಾರ ನಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಒಳಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ದೊಡ್ಡಮ್ಮ ಹೊರಗೆ ಮಾಮನ ಜೊತೆ ಮಾತಾಡುತ್ತಿದ್ದಳು.

“ಈ ಸೊಂಟ ಇನ್ನಾರು ತಿಂಗಳು ಎಳೆಯುತ್ತೆ, ಅಷ್ಟೇ. ಸೆಪ್ಟೆಂಬರಿಗೆ ಸಬೀನಾನ ಕರೆಸ್ತೀನಿ. ಈ ಅಡುಗೆಮನೆ ಅವಳದ್ದು.”

“ಮತ್ತೆ ನಿನ್ನ ತಂಗಿ ಮಗಳು?”

“ಅವಳು ಹಲಗೆ ಬರೀತಾಳೆ.”

ಇದನ್ನು ದೊಡ್ಡಮ್ಮನೇ ನಿನಗೆ ತಿಳಿಸುವಳು, ಈಸ್ಟರ್ ಕಳೆಯಲಿ ಎಂದು ಕಾಯುತ್ತಿರಬೇಕು. ನಾನು ಹೇಳಿದೆನೆಂದು ಬರೆಯಬೇಡ. ನಿನಗೆ ಸಂತೋಷವಾಗುತ್ತದೆಂದು ಹೇಳಿದೆ. ಅಲ್ಲಿ ಒಲೆ, ಇಲ್ಲಿ ಒಲೆ. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳುವ ಅದೃಷ್ಟ ಎಲ್ಲರಿಗೂ ಬರುವುದಿಲ್ಲ.

ದೊಡ್ಡಮ್ಮ ಶುಕ್ರವಾರ ಸೊಂಟ ತೋರಿಸಲು ಝಾಮೋಶ್ಚ್ ಊರಿನ ಡಾಕ್ಟರ ಬಳಿ ಹೋಗಿದ್ದಳು. ಭರಣಿಯಿಂದ ಹೆಪ್ಪು ತೆಗೆದುಕೊಟ್ಟು ಹೋಗಿದ್ದಳು, ಒಣಗಿಸುವ ಕೆಲಸ ನನ್ನದಾಯಿತು. ಹೊರಗೆ ಹಿಮ, ಕಿಟಕಿ ತೆರೆಯುವಂತಿರಲಿಲ್ಲ. ಆದರೂ ಬೇಗ ಒಣಗಿತು. ಬಣ್ಣ ಚೆನ್ನಾಗಿದೆ.

ಊಟ ಚೆನ್ನಾಗಿ ಆಗಲಿ.

ಕಿಂಗಾ


ಮೊರ್ಲೆ
20 ಮಾರ್ಚ್ 1998

ಕಿಂಗಾ, ಕಿಂಗಾ,

ಪೊಟ್ಟಣ ಬಂತು. ಬಿಚ್ಚುವ ಮೊದಲು ಮೂಸಿ ನೋಡಿದೆ, ದಾರಿಯುದ್ದಕ್ಕೂ ಅಂಚೆಯವರ ತಂಬಾಕಿನ ವಾಸನೆ ಹಿಡಿದಿದೆ. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ, ನಗಬೇಡ.

ಚೀಟಿಗಳನ್ನು ಇಲ್ಲಿನ ಶಾಲೆಯ ಮೇಷ್ಟ್ರು ಫ್ರೆಂಚಿಗೆ ಮಾಡಿಕೊಟ್ಟರು. ಗ್ರಿಕಾ ಕಾಳಿನ ಚೀಟಿ ಓದಿ, ಇದನ್ನು ಬರೆದವರು ಯಾರು, ಎಲ್ಲಿ ಅಚ್ಚಾಗಿದೆ ಎಂದು ಕೇಳಿದರು. ನನ್ನ ಅಕ್ಕ ಎಂದೆ. ನೀನು ನನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು, ಸುಳ್ಳೇನಲ್ಲ.

ಸೆಪ್ಟೆಂಬರಿನ ಮಾತು ಓದಿ ಎರಡು ದಿನ ನಿದ್ದೆ ಬರಲಿಲ್ಲ. ಸಂತೋಷಕ್ಕೋ ಹೆದರಿಕೆಗೋ ತಿಳಿಯದು. ಆದರೆ ಒಂದು ಮಾತು ಕಿಂಗಾ, ಆ ಅಡುಗೆಮನೆಗೆ ನಾನೊಬ್ಬಳೇ ಬರಲಾರೆ. ನೀನು ಇಲ್ಲದಿದ್ದರೆ ಅಲ್ಲಿ ನನಗೇನು ಕೆಲಸ? ಈ ಬಗ್ಗೆ ನಿಧಾನವಾಗಿ ಬರೆಯುತ್ತೇನೆ. ಈಗ ಮೊಟ್ಟೆ ಎಣಿಸಬೇಕು.

ಸಬೀನಾ


ಮೊರ್ಲೆ
16 ಏಪ್ರಿಲ್ 1998

ಪ್ರೀತಿಯ ಕಿಂಗಾ,

ಊಟ ಕೆಟ್ಟಿತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಐದು ದಿನ ಮೊದಲೇ ಹೆಪ್ಪಿನ ಅರ್ಧವನ್ನು ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ರೈ ಹಿಟ್ಟು ಕಲಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಮೇಲೆ ಬ್ರೆಡ್ಡಿನ ಅಂಚು ತೇಲಿಬಿಟ್ಟೆ. ಎರಡನೆಯ ದಿನ ಒಂದು ಗುಳ್ಳೆಯಿಲ್ಲ. ಮೂರನೆಯ ದಿನ ಹುಳಿ ಸೇಬಿನ ವಾಸನೆ ಬರಬೇಕಿತ್ತು, ಒದ್ದೆ ಗೋಡೆಯ ವಾಸನೆ ಬಂತು. ಚೆಲ್ಲಿ, ಉಳಿದರ್ಧ ಹಾಕಿದೆ. ಅದೂ ಹಾಗೇ. ಹೊಸದಾಗಿ ಹುಳಿಬರಿಸಲು ದಿನವಿರಲಿಲ್ಲ. ಕೊನೆಗೆ, ಹೇಳಲು ನಾಚಿಕೆ, ವಿನಿಗರ್ ಸುರಿದೆ.

ಮೂವತ್ತು ಬಟ್ಟಲು ಹೋದವು, ಮೂವತ್ತೂ ಹೆಚ್ಚುಕಡಿಮೆ ತುಂಬಿಯೇ ವಾಪಸು ಬಂದವು. ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಯಿ ಒರೆಸಿಕೊಂಡರು. ಇಲ್ಲಿನವರು ಬಹಳ ಮರ್ಯಾದಸ್ಥರು. ಮೊದಲ ಬಟ್ಟಲೇ ಹಾಗಾದ ಮೇಲೆ ಪಿರೋಗನ್ನೂ ಅನುಮಾನದಿಂದಲೇ ಮುಟ್ಟಿದರು.

ಬ್ರೆಸ್ಟ್ ಬಂದರಿನಿಂದ ಒಬ್ಬ ಮುದುಕರು ಬಂದಿದ್ದರು. ನಮ್ಮ ದೇಶದವರೇ, ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದವರು. ಝೂರ್ ಇದೆಯೆಂದು ಯಾರೋ ಹೇಳಿದ್ದಕ್ಕೆ ರೈಲು ಹತ್ತಿ ಬಂದಿದ್ದರು. ಒಂದು ಚಮಚ ಕುಡಿದು, ಚಮಚವನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ನಾನು ಹತ್ತಿರ ಹೋದೆ. “ನಿನ್ನ ತಪ್ಪಲ್ಲ ಮಗಳೇ,” ಎಂದರು. “ಐವತ್ತು ವರ್ಷ ಆಯ್ತು ನೋಡು. ರುಚಿ ನನಗೇ ಮರೆತುಹೋಗಿರಬೇಕು.”

ಅವರು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಚೀಟಿಗಳನ್ನು ಮಾತ್ರ ಎಲ್ಲರೂ ಜೇಬಿಗೆ ಹಾಕಿಕೊಂಡು ಹೋದರು. ಒಂದೂ ಮೇಜಿನ ಮೇಲೆ ಉಳಿಯಲಿಲ್ಲ. ಅದಷ್ಟೇ ಆ ದಿನದ ಗೆಲುವು.

ಮದಾಂ ಒಳ್ಳೆಯವಳು. ಮತ್ತೆಂದಾದರೂ ನೋಡೋಣ ಎಂದಳು. ಮಾರನೆಯ ದಿನ ತೊಟ್ಟಿಯ ಮುಂದೆ ನಿಂತಿದ್ದೆ.

ಹೆಪ್ಪನ್ನು ದೂರುವ ಹಾಗಿಲ್ಲ, ಅದು ಎರಡು ಯುದ್ಧ ಕಂಡದ್ದು. ಇಲ್ಲಿನ ನೀರೂ ಅಲ್ಲ, ಕುದಿಸಿ ಆರಿಸಿದ್ದೆ. ಉಳಿದದ್ದು ನನ್ನ ಕೈ. ಹನ್ನೊಂದು ತಿಂಗಳ ಸೋಪಿನ ನೀರು ಅದನ್ನು ತಿಂದುಹಾಕಿದೆ. ಹಬ್ಬದ ಕಾಗದದಲ್ಲಿ ದೊಡ್ಡಮ್ಮನೇ ಸೆಪ್ಟೆಂಬರಿಗೆ ಬಾ ಎಂದು ಕರೆದಿದ್ದಳು, ಅವಳಿಗೂ ಬರೆದಿದ್ದೇನೆ. ಸೆಪ್ಟೆಂಬರಿಗೆ ನನ್ನನ್ನು ಕರೆಯಬೇಡ, ಕೈಗುಣ ಹೋದವಳಿಗೆ ಭರಣಿ ಕೊಟ್ಟರೆ ಭರಣಿಯೂ ಹೋದೀತು, ಕಿಂಗಾಗೆ ಕೊಡು ಎಂದು. ನೀನು ಬೇಡವೆನ್ನಬೇಡ.

ಸಬೀನಾ


ಬಿವ್ಗೊರಾಯ್
3 ಮೇ 1998

ಸಬೀನಾ ಮಗಳೇ,

ನಿನ್ನ ಓಟಿಲ್ಯಾ ದೊಡ್ಡಮ್ಮ ಹೇಳ್ತಿದೀನಿ, ಕಿಂಗಾ ಬರ್ಕೋತಿದಾಳೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಕೋಳಿ ಕೆದಕಿದ ಹಾಗೆ. ಇವಳದ್ದು ದುಂಡಗಿದೆ.

ನಿನ್ನ ಕಾಗದ ಮೂರು ಸಲ ಓದಿಸ್ದೆ. ಕೈಗುಣ ಹೋಗೋಕೆ ಅದೇನು ಕೈಗವಸಾ, ಬಸ್ಸಲ್ಲಿ ಮರೆತು ಬರೋಕೆ? ನಾನು ಏನಾಗಿರಬಹುದು ಅಂತ ಒಂದೊಂದೇ ಕೇಳ್ತೀನಿ, ನೀನು ಒಂದೊಂದಕ್ಕೇ ಉತ್ತರ ಬರಿ. ಹಿಟ್ಟು ಹೊಸದಾ, ಕಲ್ಲಲ್ಲಿ ಬೀಸಿದ್ದಾ? ಪಾತ್ರೆ ಮಣ್ಣಿಂದಾ, ಇಲ್ಲಾ ತವರದ್ದಾ? ತವರದ್ದು ಅಂದ್ರೆ ಹೊಡೀತೀನಿ. ಆ ಅಡುಗೆಮನೇಲಿ ಸೋಪಿನ ಹಬೆ ಹೊಡೆಯೋ ಕಡೆ ಇಟ್ಟಿದ್ಯಾ? ಬಟ್ಟೆ ಮುಚ್ಚಿದ್ಯಾ, ತಟ್ಟೆ ಮುಚ್ಚಿದ್ಯಾ? ಅದಕ್ಕೆ ಉಸಿರಾಡೋಕೆ ಬೇಕು.

ಹೆಪ್ಪು ಕೆಟ್ಟಿರೋಕೆ ಸಾಧ್ಯಾನೇ ಇಲ್ಲ. ಅದು ಕಿಂಗಾ ಒಣಗಿಸಿದ್ದು. ಅವಳಿಗೆ ಅಡುಗೆ ಬರದೇ ಇರಬಹುದು, ಆದ್ರೆ ಒಂದು ಕೆಲಸ ಹೇಳಿದ್ರೆ ಹೇಳಿದ ಹಾಗೆ ಮಾಡೋಳು. ಇದನ್ನೂ ಬರಿ ಕಿಂಗಾ, ಯಾಕೆ ನಿಲ್ಲಿಸ್ದೆ? ಬರಿ. ನನ್ನ ತಂಗಿ ಮಗಳು ಅಂತ ಹೇಳ್ತಿಲ್ಲ, ನಾನು ಕಣ್ಣು ಮುಚ್ಚಿಕೊಂಡು ನಂಬೋದು ಇವಳೊಬ್ಬಳನ್ನೇ.

ನೀನು ಬರಲ್ಲ ಅಂತ ಹಟ ಹಿಡಿದ್ರೆ ನಾನೇನು ಮಾಡ್ಲಿ. ನನ್ನ ಸೊಂಟ ನಿನ್ನ ಹಟಕ್ಕೆ ಕಾಯಲ್ಲ. ಕಿಂಗಾನೇ ಸೆಪ್ಟೆಂಬರಿಂದ ಒಲೆ ಹಿಡೀತಾಳೆ. ಕೈ ಬಿಸಿ, ಏನು ಮಾಡೋದು, ತಣ್ಣೀರಲ್ಲಿ ಅದ್ದಿಕೊಂಡು ಕಲಸ್ತಾಳೆ. ಝೆನೋನ್ ಹೇಳ್ತಾನೆ, ನಮ್ಮ ಅಡುಗೆ ಒಂದಾದ್ರೂ ಇಲ್ಲೇ ಹುಟ್ಟಿದ್ದಾ, ಎಲ್ಲಾ ಎಲ್ಲಿಂದಲೋ ಬಂದು ಉಳ್ಕೊಂಡಿದ್ದೇ ಅಂತ. ಹಲಗೆ ಓದಿ ಓದಿ ಅವನೂ ಪಂಡಿತ ಆಗಿದಾನೆ. ನೀನೂ ಹಾಗೇ ಬಂದು ಉಳ್ಕೊಂಡೋಳು ನಮ್ಮಲ್ಲಿ. ಅದಕ್ಕೇ ನೀನು ಬರಲ್ಲ ಅಂದ್ರೆ ನನ್ನ ಹೊಟ್ಟೆ ಉರಿಯುತ್ತೆ.

ಕೈಗೆ ಹಂದಿ ಕೊಬ್ಬು ಹಚ್ಕೋ. ಮಲಗೋ ಮುಂಚೆ.

ನಿನ್ನ ದೊಡ್ಡಮ್ಮ
ಓಟಿಲ್ಯಾ


ಬಿವ್ಗೊರಾಯ್
17 ಮೇ 1998

ಸಬೀನಾ,

ದೊಡ್ಡಮ್ಮನ ಕಾಗದ ನಿನಗೆ ತಲುಪಿರಬೇಕು. ಅವಳು ಕೇಳಿದ ಒಂದು ಪ್ರಶ್ನೆಗೂ ನೀನು ಉತ್ತರ ಬರೆಯಬೇಕಾಗಿಲ್ಲ. ಹಿಟ್ಟು ಸರಿಯಾಗಿತ್ತು. ಪಾತ್ರೆ ಸರಿಯಾಗಿತ್ತು. ನಿನ್ನ ಕೈ ಸರಿಯಾಗಿದೆ.

ಹೆಪ್ಪನ್ನು ನಾನು ನೆರಳಲ್ಲಿ ಒಣಗಿಸಲಿಲ್ಲ. ಆ ಶುಕ್ರವಾರ ದೊಡ್ಡಮ್ಮ ಬಸ್ಸು ಹತ್ತಿದ ಮೇಲೆ ಬಟ್ಟೆಯನ್ನು ತಟ್ಟೆಯ ಮೇಲೆ ಹಾಸಿ ಬ್ರೆಡ್ಡಿನ ಒಲೆಯೊಳಗೆ ಇಟ್ಟೆ. ಆಗತಾನೆ ಬ್ರೆಡ್ಡು ತೆಗೆದಿದ್ದ ಒಲೆ, ಒಳಗೆ ಕೈ ಹಿಡಿಯಲಾಗುತ್ತಿರಲಿಲ್ಲ. ಒಂದು ಗಂಟೆ ಬಾಗಿಲು ಮುಚ್ಚಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನಿನ್ನ ಗ್ರಿಕಾ ಕಾಳಿನ ಚೀಟಿ ಬರೆದೆ. ಆ ಏಳು ಚೀಟಿಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಹೆಪ್ಪು ಗರಿಗರಿಯಾಗಿ ಎದ್ದಿತು. ಸತ್ತದ್ದಕ್ಕೂ ಬದುಕಿದ್ದಕ್ಕೂ ನೋಡಲು ಏನೂ ವ್ಯತ್ಯಾಸವಿರಲಿಲ್ಲ.

ತಿಳಿಯದೆ ಆದದ್ದೆಂದು ನೀನು ನನ್ನ ಪರವಾಗಿ ವಾದಿಸುವೆ, ಅದಕ್ಕೆ ಮೊದಲೇ ಹೇಳುತ್ತೇನೆ. ತಿಳಿದೇ ಮಾಡಿದೆ. ‘ಅವಳು ಹಲಗೆ ಬರೀತಾಳೆ’ ಎಂಬ ಮಾತು ಎರಡು ದಿನದಿಂದ ನನ್ನ ಕಿವಿಯಲ್ಲಿತ್ತು. ನಿನಗೆ ಅಲ್ಲಿಯ ಒಲೆಯೂ ಸಿಗಬಾರದು, ಇಲ್ಲಿಯದೂ ಸಿಗಬಾರದು ಎಂದು ಬಯಸಿದೆ. ಮೂವತ್ತು ಬಟ್ಟಲು ವಾಪಸು ಬರುವುದನ್ನು ನಾನು ಊಹಿಸಿದ್ದೆ, ಸಬೀನಾ. ಆ ಮುದುಕರನ್ನು ಊಹಿಸಿರಲಿಲ್ಲ. ತನ್ನ ನೆನಪೇ ಸುಳ್ಳೆಂದುಕೊಂಡು ಅವರು ರೈಲು ಹತ್ತಿ ಹೋದರಲ್ಲ, ಅವರ ಹೆಸರೂ ನನಗೆ ಗೊತ್ತಿಲ್ಲ.

ನಿನ್ನ ಸೋಲಿನ ಕಾಗದ ಬಂದ ದಿನ ನಡೆದದ್ದನ್ನೂ ಹೇಳಬೇಕು. ದೊಡ್ಡಮ್ಮ ಅತ್ತಳು. ಅಡುಗೆಮನೆಯ ಬಾಗಿಲ ಬಳಿ ನಿಂತು, ಸೌಟು ಕೈಯಲ್ಲೇ ಹಿಡಿದು, ಮಕ್ಕಳ ಹಾಗೆ ಅತ್ತಳು. ನಾನು ಪದವಿ ತಂದಾಗ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ನನ್ನ ಅಮ್ಮ ಸತ್ತಾಗಲೂ ನನ್ನೆದುರು ಅವಳು ಅಳಲಿಲ್ಲ. ಆ ಕ್ಷಣ ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ನಿನ್ನ ಸೋಲಿನ ಮೇಲೂ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ಬಂದಿದ್ದೆ.

ಈಗ ಬಯಸಿದ್ದೆಲ್ಲ ಕೈಗೆ ಬಂದಿದೆ. ದೊಡ್ಡಮ್ಮ ಪ್ರತಿ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಡುತ್ತಾಳೆ. ಹದಿನೈದು ವರ್ಷ ಇದೇ ಬೇಕೆಂದಿದ್ದೆ, ಅವಳ ಮೊಣಕೈ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಪಿಯೆರೋಗಿ ಕಡುಬಿನ ಅಂಚು ನಾನು ಒತ್ತಿದರೆ ಕುದಿಯುವಾಗ ಬಾಯಿ ಬಿಡುತ್ತದೆ. ಅವಳು ಸುಮ್ಮನೆ ಮತ್ತೆ ಒತ್ತುತ್ತಾಳೆ. ಹೋದ ಮಂಗಳವಾರ ನಾನೇ ಮಾಡಿದ ಝೂರನ್ನು ಝೆನೋನ್ ಮಾಮನ ಮುಂದಿಟ್ಟೆವು. ಅವನು ಬಟ್ಟಲು ಖಾಲಿ ಮಾಡಿ ಮೀಸೆ ಒರೆಸಿಕೊಂಡು, “ಪರವಾಗಿಲ್ಲ, ಇನ್ನೊಂದ್ಹತ್ತು ವರ್ಷಕ್ಕೆ ಕುಡಿಯೋ ಹಾಗಾಗುತ್ತೆ,” ಎಂದ. ದೊಡ್ಡಮ್ಮ ಅವನ ಬೆನ್ನಿಗೊಂದು ಗುದ್ದು ಕೊಟ್ಟು, ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಹಾಕಿದಳು. ಅವಳು ಹಾಗೆ ಕೈ ಹಾಕಿದ್ದು ಮೊದಲ ಸಲ. ನಾನು ತಟ್ಟೆ ತರುವ ನೆಪದಲ್ಲಿ ಒಳಗೆ ಹೋದೆ.

ಅವಳು ಹೇಳಿ ಬರೆಸಿದ ಕಾಗದದಲ್ಲಿ, ನಾನು ನಿಲ್ಲಿಸಿದೆನೆಂದು ಅವಳು ಗದರಿದ ಜಾಗವಿದೆಯಲ್ಲ, ಅಲ್ಲಿ ನಿಜವಾಗಿ ಪೆನ್ನು ಕೆಳಗಿಟ್ಟಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ‘ನಂಬೋದು ಇವಳೊಬ್ಬಳನ್ನೇ’ ಎಂಬುದನ್ನು ನನ್ನ ದುಂಡಗಿನ ಅಕ್ಷರದಲ್ಲೇ ಬರೆದು ಮುಗಿಸಿದೆ. ಅವಳು ನನ್ನ ಬಗ್ಗೆ ಹೇಳಿದ ಒಳ್ಳೆಯ ಮಾತು ಅದೊಂದೇ, ಅದೂ ಸುಳ್ಳಾಯಿತು.

ಈ ಸಲ ಕಾಗದದ ಜೊತೆ ಹೆಪ್ಪಿನ ಪೊಟ್ಟಣ ಇಟ್ಟಿಲ್ಲ. ನಾನು ಒಣಗಿಸಿದ್ದನ್ನು ನೀನು ಇನ್ನು ನಂಬಬೇಕಾಗಿಲ್ಲ. ದೊಡ್ಡಮ್ಮನೇ ಕಳಿಸುವಳು. ನೀನು ಮದಾಂ ಕೆರ್ವೆಲ್ಲಾಗೆ ವಿಷಯ ಹೇಳು, ನನ್ನ ಹೆಸರನ್ನೂ ಹೇಳು, ಚೀಟಿಯಲ್ಲಿ ಹಾಕಿದ್ದ ಅದೇ ಹೆಸರು. ಬ್ರೆಸ್ಟಿನವರ ವಿಳಾಸ ಸಿಕ್ಕರೆ ನನಗೆ ಬರೆ. ಅವರಿಗೆ ಕಾಗದ ಬರೆಯಬೇಕು, ನಿಮಗೆ ರುಚಿ ಮರೆತಿಲ್ಲ ಎಂದು.

ಈ ಕಾಗದ ನಿನ್ನನ್ನು ಮುಟ್ಟಲು ಎಂಟು ದಿನ. ಓದಿದ ಕೂಡಲೇ ನೀನು ಏನು ಬರೆಯುವೆ ಎಂಬುದು ನನಗೆ ಈಗಲೇ ಕಾಣುತ್ತಿದೆ. ಆದದ್ದು ಆಯಿತು ಕಣೇ, ದೊಡ್ಡಮ್ಮನಿಗೆ ಹೇಳಬೇಡ, ಈ ವಯಸ್ಸಿನಲ್ಲಿ ಅವಳಿಗೇಕೆ ನೋವು, ನಮ್ಮಿಬ್ಬರಲ್ಲೇ ಇರಲಿ ಎಂದು ಬರೆಯುವೆ. ಮನಸಾರೆ ಬರೆಯುವೆ. ಆ ಕಾಗದ ಬರುವವರೆಗೆ ಕಾದರೆ ನಾನು ಅದರ ಹಿಂದೆ ಜೀವನವಿಡೀ ಅಡಗಿ ಕುಳಿತುಬಿಡುತ್ತೇನೆ. ಆಮೇಲೆ ನಿನ್ನ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚು ಪಡುತ್ತೇನೆ.

ಹೊರಗೆ ಹತ್ತರ ಬಸ್ಸು ಬಂದು ನಿಂತಿದೆ, ಜನ ಒಳಗೆ ಬರುತ್ತಿದ್ದಾರೆ. ಮಧ್ಯಾಹ್ನದ ಊಟದವರು ಎದ್ದು ಹೋದ ಮೇಲೆ ದೊಡ್ಡಮ್ಮ ಕಿಟಕಿಯ ಪಕ್ಕದ ಮೇಜಿನಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಾಳೆ. ಇವತ್ತು ಅವಳೆದುರು ಕುಳಿತು ಎಲ್ಲವನ್ನೂ ಹೇಳುತ್ತೇನೆ. ನಿನ್ನ ಉತ್ತರಕ್ಕೆ ಕಾಯುವುದಿಲ್ಲ.

ಕಿಂಗಾ